ಸಹಿ ಹಾಕುವ ಮೊದಲು: ಬಾಯಿ ಕ್ಯಾನ್ಸರ್ ಬಂದ ಮನೆಯವರಿಗೆ

ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಆಸ್ಪತ್ರೆಯ ಎದುರು ನನ್ನ ಝೆರಾಕ್ಸ್ ಅಂಗಡಿ ಇದೆ. ಕ್ಯಾನ್ಸರ್ ಫೈಲುಗಳು ದಿನಾ ನನ್ನ ಕೈ ದಾಟಿ ಹೋಗುತ್ತವೆ. ನಾನು ಡಾಕ್ಟರ್ ಅಲ್ಲ, ಕಂಪೌಂಡರೂ ಅಲ್ಲ. ಆದರೆ ಶಿಗ್ಗಾವಿ ಕಡೆ ಕೊಟ್ಟ ನಮ್ಮ ಅಕ್ಕನಿಗೆ ಬಾಯಿ ಕ್ಯಾನ್ಸರ್ ಬಂದಾಗ ಫೈಲು ಹಿಡಿದು ಓಡಾಡಿದವನು ನಾನು. ಅದು ಗೊತ್ತಾದ ಮೇಲೆ ಅಂಗಡಿಗೆ ಬಂದವರು "ಅಣ್ಣಾರ, ಇದರಾಗ ಏನ್ ಬರದಾರ ನೋಡ್ರಿ" ಅಂತ ಕಾಗದ ಚಾಚುತ್ತಾರೆ. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಯಾವ ಕಾಗದ ಕಡಿಮೆ ಇದೆ, ಒಳಗೆ ಹೋಗಿ ಏನು ಕೇಳಬೇಕು, ಅಷ್ಟು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಾಯಿ ಕ್ಯಾನ್ಸರನ್ನೇ ಮುಂದಿಟ್ಟುಕೊಂಡಿದ್ದೇನೆ. ನನಗೆ ಗೊತ್ತಿರುವುದು ಅದು, ನಮ್ಮ ಕಡೆ ಜಾಸ್ತಿ ಕಾಣುವುದೂ ಅದೇ. ಪ್ರಶ್ನೆಗಳು ಮಾತ್ರ ಬೇರೆ ಕ್ಯಾನ್ಸರಿಗೂ ನಡೆಯುತ್ತವೆ.

ಎಲ್ಲರೂ ಮೊದಲು ಕೇಳುವುದು "ಎಲ್ಲಿಗೆ ಹೋಗೋಣ?" ಅಂತ. ಹುಬ್ಬಳ್ಳಿಯೋ, ಬೆಂಗಳೂರೋ, ಮುಂಬೈಯೋ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಏನು ಬಂದಿದೆ, ಎಲ್ಲಿಯವರೆಗೆ ಹೋಗಿದೆ ಅನ್ನುವುದು ಮೊದಲನೆಯದು. ಈ ಚಿಕಿತ್ಸೆ ಯಾತಕ್ಕಾಗಿ, ಪೂರ್ತಿ ಗುಣ ಮಾಡುವುದಕ್ಕೋ, ಕಾಯಿಲೆಯನ್ನು ಹಿಡಿದಿಡುವುದಕ್ಕೋ, ನೋವು ಕಡಿಮೆ ಮಾಡುವುದಕ್ಕೋ ಅನ್ನುವುದು ಎರಡನೆಯದು. ಇವೆರಡೂ ಗೊತ್ತಿಲ್ಲದೆ ಊರು ಆರಿಸುವುದು ಬಸ್ ಹತ್ತಿ ಕೂತ ಮೇಲೆ ಬೋರ್ಡ್ ಓದಿದ ಹಾಗೆ.

ಎಷ್ಟು ದಿನ ಇದೆ ಅಂತ ಮೊದಲು ಕೇಳಿ

ಕ್ಯಾನ್ಸರ್ ಅಂದ ಕೂಡಲೇ ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು ಅನಿಸುತ್ತದೆ. ಆದರೆ ಗಡ್ಡೆ ನಿನ್ನೆ ರಾತ್ರಿ ಹುಟ್ಟಿದ್ದಲ್ಲ. ಬಾಯಿ, ಸ್ತನ, ಗರ್ಭಕೊರಳಿನಂಥ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆ ಮುಗಿಸಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ ಬರಲು ಒಂದೆರಡು ವಾರ ಸಿಗುತ್ತದೆ. ಎರಡು ತಿಂಗಳು ಸಿಗುವುದಿಲ್ಲ. ಆದ್ದರಿಂದ ನೇರವಾಗಿ ಕೇಳಿ: "ಸರ್, ನಾವು ತೀರ್ಮಾನ ಮಾಡೋಕೆ ಎಷ್ಟು ದಿನ ತಗೊಂಡರೆ ತೊಂದರೆ ಇಲ್ಲ?" ಈ ಪ್ರಶ್ನೆಗೆ ಯಾವ ಡಾಕ್ಟರೂ ಸಿಟ್ಟಾಗಿದ್ದು ನಾನು ನೋಡಿಲ್ಲ.

ಕೆಲವು ಸಂದರ್ಭದಲ್ಲಿ ಒಂದು ದಿನವೂ ಇರುವುದಿಲ್ಲ. ಉಸಿರು ಕಟ್ಟುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ಬೆನ್ನುಹುರಿ ಒತ್ತಿ ಕಾಲು ಸೋಲುತ್ತಿದ್ದರೆ, ಅಕ್ಯೂಟ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಅಂತ ಹೇಳಿದ್ದರೆ ಆಗ ಯಾರನ್ನೂ ಕೇಳುತ್ತಾ ಕೂರಬೇಡಿ. ಆಸ್ಪತ್ರೆಯಲ್ಲೇ ಇರಿ.

ಬಯಾಪ್ಸಿಯ ಬಗ್ಗೆಯೂ ಒಂದು ಮಾತು. ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ಒಂದು ಚೂರು ತೆಗೆದು ನೋಡಲೇಬೇಕು. "ಕತ್ತರಿ ತಾಗಿಸಿದರ ಹರಡ್ತದ" ಅಂತ ಹೆದರಿ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಕೂರುವವರಿದ್ದಾರೆ. ಬಾಯಿಯ ಹುಣ್ಣಿನ ಚೂರು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಆ ಮುಲಾಮಿನ ತಿಂಗಳುಗಳಲ್ಲಿ.

ಕಾಗದ

ಇದು ನನ್ನ ಇಲಾಖೆ. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಬಯಾಪ್ಸಿ ರಿಪೋರ್ಟ್ ಇಲ್ಲದೆ ಯಾವ ತೀರ್ಮಾನವೂ ಇಲ್ಲ. ಸ್ಕ್ಯಾನ್ ನೋಡಿ "ಕ್ಯಾನ್ಸರ್ ಇದ್ದಂಗ ಕಾಣ್ತದ" ಅಂದರೆ ಅದು ಅನುಮಾನ. ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಪೆಥಾಲಜಿಸ್ಟ್ ಬರೆದದ್ದು ಖಚಿತ. ಬಾಯಿಯಲ್ಲಿ ಹೆಚ್ಚಾಗಿ "ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ" ಅಂತ ಇರುತ್ತದೆ. ಅದರ ಪಕ್ಕದಲ್ಲಿ ಗ್ರೇಡ್ ಇರುತ್ತದೆ. ಗ್ರೇಡ್ ಮತ್ತು ಸ್ಟೇಜ್ ಒಂದೇ ಅಲ್ಲ. ಜೀವಕೋಶ ಎಷ್ಟು ಒರಟಾಗಿ ಕಾಣುತ್ತದೆ ಅನ್ನುವುದು ಗ್ರೇಡ್. ಎಲ್ಲಿಯವರೆಗೆ ಹೋಗಿದೆ ಅನ್ನುವುದು ಸ್ಟೇಜ್. "ಗ್ರೇಡ್ ಮೂರು" ಅಂತ ಓದಿ ಮೂರನೇ ಸ್ಟೇಜ್ ಅಂತ ತಿಳಿದು ಅಂಗಡಿಯ ಮುಂದೆಯೇ ಕುಸಿದು ಕೂತವರನ್ನು ನೋಡಿದ್ದೇನೆ.

ಸ್ಟೇಜನ್ನು ಟಿ, ಎನ್, ಎಂ ಅಂತ ಮೂರು ಅಕ್ಷರದಲ್ಲಿ ಬರೆಯುತ್ತಾರೆ. ಟಿ ಅಂದರೆ ಗಡ್ಡೆಯ ಗಾತ್ರ. ಈಗ ಬಾಯಿ ಕ್ಯಾನ್ಸರಿನಲ್ಲಿ ಅಗಲ ಮಾತ್ರ ಅಲ್ಲ, ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಎರಡು ಸೆಂಟಿಮೀಟರ್ ಒಳಗಿನ ಗಡ್ಡೆಯಾದರೂ 5 ಮಿಲಿಮೀಟರಿಗಿಂತ ಆಳ ಇದ್ದರೆ ಅದು ಟಿ1 ಅಲ್ಲ. ಎನ್ ಅಂದರೆ ಕುತ್ತಿಗೆಯ ಗ್ರಂಥಿಗಳು. ಎಂ ಅಂದರೆ ಶ್ವಾಸಕೋಶದಂಥ ದೂರದ ಜಾಗ. ಅಕ್ಷರಕ್ಕಿಂತ ಮೊದಲು ಸಣ್ಣ ಸಿ ಇದ್ದರೆ ಪರೀಕ್ಷೆ, ಸ್ಕ್ಯಾನ್ ನೋಡಿ ಹೇಳಿದ್ದು. ಪಿ ಇದ್ದರೆ ಆಪರೇಷನ್ನಿನಲ್ಲಿ ತೆಗೆದ ತುಂಡನ್ನು ಪರೀಕ್ಷಿಸಿ ಹೇಳಿದ್ದು. ಸಿ ಒಂದು ಹೇಳಿ ಪಿ ಇನ್ನೊಂದು ಹೇಳುವುದುಂಟು. ಅದರಲ್ಲಿ ಮೋಸ ಏನಿಲ್ಲ. ಆದರೆ ಮೊದಲು "ಕರೆಂಟ್ ಬೇಡ" (ಕರೆಂಟ್ ಅಂದರೆ ರೇಡಿಯೇಷನ್, ವಿಕಿರಣ ಚಿಕಿತ್ಸೆ) ಅಂದವರು ಆಮೇಲೆ "ಬೇಕು" ಅನ್ನುವುದು ಇದೇ ಕಾರಣಕ್ಕೆ.

ಫೈಲಿನಲ್ಲಿ ಇರಬೇಕಾದದ್ದು ಬಯಾಪ್ಸಿ ರಿಪೋರ್ಟಿನ ಎಲ್ಲಾ ಪುಟಗಳು (ಎರಡನೇ ಪುಟ ಕಳೆದುಕೊಂಡವರೇ ಜಾಸ್ತಿ), ಸಿಟಿ ಅಥವಾ ಎಂಆರ್‌ಐ ರಿಪೋರ್ಟ್ ಜೊತೆಗೆ ಅದರ ಸಿಡಿ, ರಕ್ತದ ರಿಪೋರ್ಟ್, ಬಿಪಿ-ಶುಗರ್ ಮಾತ್ರೆಗಳ ಹೆಸರು, ಹಳೆಯ ಡಿಸ್ಚಾರ್ಜ್ ಕಾರ್ಡ್. ಮೊಬೈಲಿನಲ್ಲಿ ತೆಗೆದ ಸ್ಕ್ಯಾನಿನ ಫೋಟೋ ಯಾರಿಗೂ ಉಪಯೋಗವಿಲ್ಲ. ಬೇರೆ ಆಸ್ಪತ್ರೆಗೆ ತೋರಿಸುವುದಾದರೆ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಬೇಕು. ಬ್ಲಾಕ್ ಅಂದರೆ ಆ ಚೂರನ್ನು ಮೇಣದಲ್ಲಿ ಕೂರಿಸಿದ ಸಣ್ಣ ತುಂಡು. ಲ್ಯಾಬಿಗೆ ಒಂದು ಅರ್ಜಿ ಬರೆದು ಕೊಟ್ಟರೆ ಸಿಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಅದು ಮೇಣ.

ಸೋನೋಗ್ರಫಿಯ ಫೋಟೋಗೆ ಲ್ಯಾಮಿನೇಷನ್ ಮಾಡಿಕೊಡಿ ಅಂತ ದಿನಾ ಯಾರಾದರೂ ಬರುತ್ತಾರೆ. ನಾನು ಮಾಡುವುದಿಲ್ಲ. ಅದು ಥರ್ಮಲ್ ಕಾಗದ, ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಝೆರಾಕ್ಸ್ ತೆಗೆಸಿ ಇಟ್ಟುಕೊಳ್ಳಿ.

ದಾಖಲೆ ಕೇಳುವುದಕ್ಕೆ ಸಂಕೋಚ ಬೇಡ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ, ರೋಗಿ ಅಥವಾ ಅವರ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬಾಯಿಮಾತಿಗಿಂತ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದು ಒಳ್ಳೆಯದು.

ರೋಗಿ ಹೊರಗೆ, ಮನೆಯವರು ಒಳಗೆ

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ ನಾಲ್ಕು ಗಂಡಸರು ಒಳಗೆ ಹೋಗುತ್ತಾರೆ. "ಆಕಿಗೆ ಹೇಳಬ್ಯಾಡ್ರಿ ಡಾಕ್ಟರ್, ಎದಿ ಒಡ್ಕೋತಾಳ" ಅನ್ನುತ್ತಾರೆ. ಅಕ್ಕನ ಗಂಡ, ನಮ್ಮ ಮಾಮಾನೂ ಹಾಗೇ ಅಂದರು. ಅಕ್ಕನಿಗೆ "ಬಾಯಿ ಹುಣ್ಣು" ಅಂತ ಹೇಳಿಟ್ಟಿದ್ದರು. ಆಸ್ಪತ್ರೆಯ ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದಾರೆ, ಅಕ್ಕ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳು. ಓದದೆ ಇರುತ್ತಾಳೆಯೇ?

ನಮಗೆ ಸಿಕ್ಕ ಸರ್ಜನ್ ಬುದ್ಧಿವಂತರು. ಮಾಮಾನ ಜೊತೆ ವಾದ ಮಾಡಲಿಲ್ಲ. ಅಕ್ಕನನ್ನು ಒಳಗೆ ಕರೆಸಿ, "ಯವ್ವಾ, ನಿಮ್ಮ ಕಾಯಿಲಿ ಬಗ್ಗೆ ಎಲ್ಲಾ ನಿಮಗೇ ಹೇಳಲೇನು, ಇಲ್ಲಾ ಮನಿಯವರ ಮುಂದ ಹೇಳಲಿ?" ಅಂತ ಕೇಳಿದರು. ಅಕ್ಕ, "ನನಗs ಹೇಳ್ರಿ, ಅವರು ಮುಂದ ಕುಂತಿರಲಿ" ಅಂದಳು. ನೀವೂ ಹೀಗೆಯೇ ಕೇಳಿ ನೋಡಬಹುದು. ಕೆಲವರು "ನೀವೇ ನೋಡ್ಕೊಳ್ರಿ" ಅನ್ನುತ್ತಾರೆ. ಅದೂ ಅವರ ತೀರ್ಮಾನವೇ. ಆದರೆ ಆ ಮಾತು ಅವರ ಬಾಯಿಂದ ಬರಬೇಕು.

ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನೂ ಹೌದು. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ವಯಸ್ಸಿಗೆ ಬಂದು ಬುದ್ಧಿ ಸ್ಥಿರ ಇರುವವರ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಸಾಲದು ಅಂತ ತೀರ್ಪು ಬಂತು. ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು, ಮಾಡದಿದ್ದರೆ ಏನಾಗುತ್ತದೆ ಅಂತ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಫಾರ್ಮು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಆಪರೇಷನ್ನಿನ ಬೆಳಿಗ್ಗೆ ಅಲ್ಲ, ಹಿಂದಿನ ದಿನವೇ ಕೇಳಿ ತಗೊಳ್ಳಿ.

ಅಕ್ಕ ಒಳಗೆ ಕೂತಿದ್ದರಿಂದ ಆದ ಲಾಭ ಹೇಳುತ್ತೇನೆ. ನಾವು ಗಂಡಸರು ಖರ್ಚು ಎಷ್ಟು, ಎಷ್ಟು ದಿನ, ಗ್ಯಾರಂಟಿ ಏನು ಅಂತ ಕೇಳಿದೆವು. ಅಕ್ಕ ಕೇಳಿದ್ದು ಒಂದೇ: "ರೊಟ್ಟಿ ತಿನ್ನಾಕ ಬರ್ತದೇನ್ರಿ?"

ಸರ್ಜನ್ ಪೆನ್ನು ಕೆಳಗಿಟ್ಟರು. ಅಲ್ಲಿಂದ ಮಾತು ಬೇರೆಯೇ ಆಯಿತು. ದವಡೆಯ ಎಲುಬು ಎಷ್ಟು ಹೋಗಬಹುದು, ಹಲ್ಲು ಎಷ್ಟು ಉಳಿಯುತ್ತದೆ, ಬಾಯಿ ಎಷ್ಟು ಅಗಲಿಸಲು ಬರುತ್ತದೆ, ತೆಗೆದ ಜಾಗವನ್ನು ಯಾತರಿಂದ ಮುಚ್ಚುತ್ತಾರೆ. ಎದೆಯ ಮಾಂಸಖಂಡವನ್ನು ತಿರುಗಿಸಿ ತಂದು ಮುಚ್ಚುವುದು ಒಂದು ದಾರಿ. ಬೇಗ ಮುಗಿಯುತ್ತದೆ, ಆದರೆ ದಪ್ಪ. ಕೈಯಿಂದಲೋ ಕಾಲಿನಿಂದಲೋ ತುಂಡು ತೆಗೆದು, ರಕ್ತನಾಳ ಜೋಡಿಸಿ ಕೂರಿಸುವುದು ಇನ್ನೊಂದು. ಗಂಟೆಗಟ್ಟಲೆ ಜಾಸ್ತಿ ಹಿಡಿಯುತ್ತದೆ, ಅದನ್ನು ಮಾಡುವ ಪ್ಲಾಸ್ಟಿಕ್ ಸರ್ಜನ್ ಇರಬೇಕು, ಆದರೆ ಬಾಯೊಳಗೆ ಚೆನ್ನಾಗಿ ಕೂರುತ್ತದೆ. ಇದು ನಿಜವಾದ ಆಯ್ಕೆ. ಅಕ್ಕ ಕೇಳದಿದ್ದರೆ ಇಂಥದ್ದೊಂದು ಇದೆ ಅಂತಲೇ ನಮಗೆ ತಿಳಿಯುತ್ತಿರಲಿಲ್ಲ.

ಕಟಕ್ ರೊಟ್ಟಿ ಕಷ್ಟ, ಮೆತ್ತನೆಯ ಬಿಸಿರೊಟ್ಟಿ ಸಾರಿನಲ್ಲಿ ನೆನೆಸಿ ತಿನ್ನಬಹುದು, ಅದೂ ದಿನಾ ಬಾಯಿ ಅಗಲಿಸುವ ವ್ಯಾಯಾಮ ಬಿಡದಿದ್ದರೆ ಅಂತ ಅವರು ಹೇಳಿದರು. ಆಗಿದ್ದೂ ಹಾಗೇ.

ನಿಮ್ಮ ರೋಗಿಯ "ರೊಟ್ಟಿ" ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಭಜನೆ ಹಾಡುವವರಿಗೆ ಧ್ವನಿ ಇರುತ್ತದೆ. ಗಂಟಲು ಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಕೆಲವರಿಗೆ ಆಪರೇಷನ್ ಬದಲು ಕರೆಂಟ್, ಕೀಮೋ ಕೊಟ್ಟು ಧ್ವನಿ ಉಳಿಸುವ ದಾರಿ ಇದೆ. ಹೊಸದಾಗಿ ಮದುವೆಯಾದವರಿಗೆ ಮಕ್ಕಳ ವಿಷಯ. ಅದನ್ನು ಕೀಮೋ ಶುರುವಾಗುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ. ಸ್ತನ ಕ್ಯಾನ್ಸರ್ ಬೇಗ ಸಿಕ್ಕಿದ್ದರೆ, ಗಡ್ಡೆ ಮಾತ್ರ ತೆಗೆದು ಕರೆಂಟ್ ಕೊಡುವುದಕ್ಕೂ ಪೂರ್ತಿ ಸ್ತನ ತೆಗೆಯುವುದಕ್ಕೂ ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಅಮೆರಿಕ ಮತ್ತು ಇಟಲಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿ, 2002ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಇದನ್ನೇ ಹೇಳಿದವು. ಆದರೂ "ಪೂರ್ತಿ ತಗದುಬಿಡ್ರಿ" ಅಂತ ಗಂಡನೋ ಮಗನೋ ಹೇಳಿಬಿಡುತ್ತಾರೆ. ಆಕೆಯನ್ನು ಕೇಳಿದಿರಾ?

ನೂರು ಜನರ ಲೆಕ್ಕ

ಅಕ್ಕನ ಗಡ್ಡೆ ಕೆನ್ನೆಯ ಒಳಗಿತ್ತು. ಕುತ್ತಿಗೆಯಲ್ಲಿ ಗಂಟು ಇರಲಿಲ್ಲ, ಸ್ಕ್ಯಾನಿನಲ್ಲೂ ಕಾಣಲಿಲ್ಲ. ಆದರೂ ಸರ್ಜನ್ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕು ಅಂದರು. ನಮ್ಮ ಅಳಿಯನಿಗೆ ಸಿಟ್ಟು ಬಂತು. "ಗಂಟs ಇಲ್ಲ ಅಂದಮ್ಯಾಲ ಕುತ್ತಿಗಿ ಯಾಕ ಕೊಯ್ಯಬೇಕ್ರಿ? ಬಿಲ್ ಜಾಸ್ತಿ ಮಾಡಾಕೇನು?"

ಅಲ್ಲಿದ್ದ ಕಿರಿಯ ಡಾಕ್ಟರ್ ಒಬ್ಬರು ಕಾಗದದ ಹಿಂಬದಿಯಲ್ಲಿ ನೂರು ಚುಕ್ಕೆ ಇಟ್ಟರು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಬಾಯಿ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಇಲ್ಲದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗಡ್ಡೆಯ ಜೊತೆಗೇ ಗ್ರಂಥಿ ತೆಗೆದರು. ಇನ್ನೊಂದಕ್ಕೆ ಗಂಟು ಬಂದರೆ ಮಾತ್ರ ತೆಗೆಯೋಣ ಅಂತ ಕಾದರು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 80 ಜನ ಬದುಕಿದ್ದರು, ಎರಡನೆಯದರಲ್ಲಿ 67.5.

ಚುಕ್ಕೆಗಳಲ್ಲಿ ಹೀಗೆ ಕಂಡಿತು. ಅರವತ್ತೇಳು ಜನ ಕಾದಿದ್ದರೂ ಬದುಕುತ್ತಿದ್ದರು. ಇಪ್ಪತ್ತು ಜನ ಕುತ್ತಿಗೆ ಕೊಯ್ದರೂ ಉಳಿಯಲಿಲ್ಲ. ನಡುವಿನ ಹನ್ನೆರಡು ಹದಿಮೂರು ಜನರಿಗೆ ಆ ಆಪರೇಷನ್ನಿನಿಂದಲೇ ಜೀವ ಉಳಿಯಿತು. ಅಂದರೆ ಎಂಟು ಜನರಿಗೆ ಮಾಡಿದರೆ ಒಬ್ಬರು ಜಾಸ್ತಿ ಉಳಿಯುತ್ತಾರೆ. ಆ ಎಂಟರಲ್ಲಿ ಅಕ್ಕ ಯಾರು ಅಂತ ಮೊದಲೇ ಹೇಳಲು ಬರುವುದಿಲ್ಲ.

ಇದೇ ಅಂಕಿಯನ್ನು "ಸಾವಿನ ಸಾಧ್ಯತೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ" ಅಂತಲೂ ಹೇಳಬಹುದು. ಸುಳ್ಳಲ್ಲ, ಆದರೆ ಕಿವಿಗೆ ಬೇರೆ ಥರ ಕೇಳಿಸುತ್ತದೆ, ಅಲ್ವಾ? ಯಾರಾದರೂ "ಶೇಕಡಾ ಇಷ್ಟು ಕಡಿಮೆಯಾಗುತ್ತದೆ" ಅಂದರೆ ತಕ್ಷಣ ಕೇಳಿ: "ನೂರು ಜನರಲ್ಲಿ ಈ ಚಿಕಿತ್ಸೆ ತಗೊಂಡರೆ ಎಷ್ಟು ಜನ, ತಗೊಳ್ಳದಿದ್ದರೆ ಎಷ್ಟು ಜನ?" ಈ ಒಂದು ಪ್ರಶ್ನೆ ನೆನಪಿಟ್ಟುಕೊಂಡರೆ ಸಾಕು. ಅದರ ಜೊತೆ ಇನ್ನೊಂದು, "ಆ ನೂರು ಜನ ನಮ್ಮಂಥವರೇನು?" ಆ ಅಧ್ಯಯನದಲ್ಲಿ ಹೆಚ್ಚಿನವರದ್ದು ನಾಲಿಗೆಯ ಕ್ಯಾನ್ಸರ್, ಅಕ್ಕನದ್ದು ಕೆನ್ನೆ. ಡಾಕ್ಟರೇ ಇದನ್ನು ಒಪ್ಪಿಕೊಂಡರು. ಗಡ್ಡೆಯ ಆಳ ನೋಡಿದರೆ ಅಕ್ಕನಿಗೂ ಮಾಡಿಸುವುದೇ ಒಳ್ಳೆಯದು ಅಂದರು.

ಅದರ ಬೆಲೆಯನ್ನೂ ಕೇಳಬೇಕು. ದುಡ್ಡಿನ ಬೆಲೆ ಅಲ್ಲ. ಕುತ್ತಿಗೆಯ ಆಪರೇಷನ್ ಆದ ಮೇಲೆ ಭುಜ ಬಿಗಿಯಬಹುದು, ಕೈ ಮೇಲೆತ್ತುವುದು ಕಷ್ಟವಾಗಬಹುದು. ಅಕ್ಕ ನೀರಿನ ಕೊಡ ಹೊರುವವಳು. "ಕೊಡ ಸೊಸಿ ಹೊರ್ತಾಳ ಬಿಡ್ರಿ" ಅಂದು ಅವಳೇ ಒಪ್ಪಿದಳು. ಸೊಸೆಯ ಮುಖ ನಾನು ನೋಡಲಿಲ್ಲ.

ಇನ್ನೊಬ್ಬರನ್ನು ಕೇಳುವುದು, ಮತ್ತೆ ಊರು

ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರಿಗೆ ಬೇಸರವಾಗುತ್ತದೆ ಅಂತ ಕದ್ದು ಹೋಗುವವರಿದ್ದಾರೆ. ಕದ್ದು ಹೋದರೆ ಸ್ಲೈಡ್ ಸಿಗುವುದಿಲ್ಲ, ಎಲ್ಲಾ ಪರೀಕ್ಷೆಗೂ ಮತ್ತೆ ದುಡ್ಡು. "ಸರ್, ಮನೆಯಲ್ಲಿ ಹಿರಿಯರು ಇನ್ನೊಂದು ಕಡೆ ತೋರಿಸಿ ಅಂತಾರೆ, ಕಾಗದ ಕೊಡಿ" ಅನ್ನಿ. ಹಿರಿಯರ ಮೇಲೆ ಹಾಕಿದರೆ ಯಾರಿಗೂ ಬೇಸರ ಇಲ್ಲ.

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಕ್ಯಾನ್ಸರಿಗೆ ಆಪರೇಷನ್ ಮಾಡುವವರು, ಕರೆಂಟ್ ಕೊಡುವವರು, ಕೀಮೋ ಕೊಡುವವರು ಅಂತ ಮೂರು ಥರದ ಡಾಕ್ಟರ್. ಸರ್ಜನ್ ಹೇಳಿದ್ದನ್ನು ಇನ್ನೊಬ್ಬ ಸರ್ಜನ್ ಬಳಿ ಮಾತ್ರ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಮೂರೂ ಜನ ಒಟ್ಟಿಗೆ ಕೂತು ಒಂದು ಕೇಸು ನೋಡುವುದನ್ನು ಟ್ಯೂಮರ್ ಬೋರ್ಡ್ ಅನ್ನುತ್ತಾರೆ. "ನಮ್ಮ ಕೇಸು ಬೋರ್ಡಿನಲ್ಲಿ ಇಟ್ಟಿದ್ದೀರಾ, ಏನು ಬರೆದಿದ್ದಾರೆ?" ಅಂತ ಕೇಳಿ. ಮುಂಬೈಗೆ ಹೋಗಲಾಗದವರು ಟಾಟಾ ಸ್ಮಾರಕ ಕೇಂದ್ರ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ (ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಕೂಟ) ಜೊತೆ ಸೇರಿ ನಡೆಯುವ ನವ್ಯ ಅನ್ನುವ ಸೇವೆಗೆ ಆನ್‌ಲೈನಿನಲ್ಲೇ ರಿಪೋರ್ಟ್ ಕಳಿಸಿ ಅಭಿಪ್ರಾಯ ಪಡೆಯಬಹುದು.

ಎರಡು ಕಡೆ ಎರಡು ಮಾತು ಬಂದರೆ ಮೂರನೆಯವರ ಹತ್ತಿರ ಓಡುವ ಮೊದಲು ಒಂದು ಕೆಲಸ ಮಾಡಿ. "ಅವರು ಹೀಗೆ ಹೇಳಿದ್ದಾರೆ, ನೀವು ಬೇರೆ ಹೇಳುತ್ತಿದ್ದೀರಿ. ರಿಪೋರ್ಟಿನ ಯಾವ ಅಂಶ ನೋಡಿ?" ಅಂತ ಕೇಳಿ. ಎಷ್ಟೋ ಸಲ ಒಬ್ಬರು ನೋಡಿದ ಸ್ಕ್ಯಾನ್ ಇನ್ನೊಬ್ಬರು ನೋಡಿರುವುದಿಲ್ಲ, ಅಷ್ಟೇ.

ಇನ್ನು ಊರು. ನಮ್ಮ ಹುಬ್ಬಳ್ಳಿ ನವನಗರದಲ್ಲೇ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ, ಊರಲ್ಲಿ ಕಿಮ್ಸ್ (ಈಗ ಕೆಎಂಸಿಆರ್‌ಐ ಅಂತ ಹೆಸರು) ಇದೆ, ಖಾಸಗಿ ಕೇಂದ್ರಗಳಿವೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ, ಮುಂಬೈ ಪರೇಲಿನಲ್ಲಿ 1941ರಿಂದ ಟಾಟಾ. ಆಪರೇಷನ್ ಒಂದು ಸಲದ ಕೆಲಸ. ಕಷ್ಟದ ಆಪರೇಷನ್ ಆದರೆ ಅದನ್ನು ಜಾಸ್ತಿ ಮಾಡಿ ಅನುಭವ ಇರುವ ಕಡೆ ದೂರವಾದರೂ ಹೋಗಬಹುದು. ಕರೆಂಟ್ ಹಾಗಲ್ಲ. ಬಾಯಿ ಕ್ಯಾನ್ಸರ್ ಆಪರೇಷನ್ ನಂತರ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, 30 ಸಲ ಕೊಡುತ್ತಾರೆ. ಅಷ್ಟು ದಿನ ಮುಂಬೈಯಲ್ಲಿ ರೂಮು ಮಾಡಿ ಇರುವವರು ಯಾರು? ಹೊಲ, ದನ, ಮಕ್ಕಳ ಶಾಲೆ ಯಾರು ನೋಡುತ್ತಾರೆ? ನಡುವೆ ಬಿಟ್ಟು ಬಂದರೆ ಚಿಕಿತ್ಸೆಯೇ ಕೆಡುತ್ತದೆ. ಕರೆಂಟ್ ಮನೆಗೆ ಹತ್ತಿರ, ಸಾಧ್ಯವಾದರೆ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಇದು ನನ್ನ ಗಟ್ಟಿ ಅಭಿಪ್ರಾಯ.

ಎರಡು ವಿಷಯ ಮರೆಯಬೇಡಿ. ಆಪರೇಷನ್ ಆದ ಮೇಲೆ ಕರೆಂಟ್ ಬೇಕು ಅಂದಿದ್ದರೆ ಅದು ಸುಮಾರು ಆರು ವಾರದೊಳಗೆ ಶುರುವಾಗಬೇಕು. "ಗಾಯ ಮಾಯಲಿ, ದೀಪಾವಳಿ ಆಗಲಿ, ಸುಗ್ಗಿ ಮುಗೀಲಿ" ಅಂತ ಮುಂದೂಡಬೇಡಿ. ಮತ್ತೆ ಕರೆಂಟಿಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು ಹಲ್ಲು ಆಗಲೇ ಕೀಳಿಸಬೇಕು. ಕರೆಂಟ್ ಆದ ಮೇಲೆ ಕಿತ್ತರೆ ದವಡೆಯ ಎಲುಬು ಮಾಯದೆ ಕೊಳೆಯುವ ಅಪಾಯ ಇದೆ.

ದುಡ್ಡು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕು. ಮೊದಲು ಆ ಕಾಗದ, ಆಮೇಲೆ ಅಡ್ಮಿಷನ್. ದುಡ್ಡು ಕಟ್ಟಿ ಆಮೇಲೆ ವಾಪಸ್ ತಗೊಳ್ಳೋಣ ಅನ್ನುವ ಲೆಕ್ಕ ಹಾಕಬೇಡಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅವರ ಹತ್ತಿರ "ನಮ್ಮ ಯಾವ ಯಾವ ಚಿಕಿತ್ಸೆ ಪ್ಯಾಕೇಜಿನಲ್ಲಿದೆ, ಯಾವುದು ಇಲ್ಲ" ಅಂತ ಬರೆಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ. ಒಂದರಲ್ಲಿ ಬಸವ್ವ, ಇನ್ನೊಂದರಲ್ಲಿ ಬಸಮ್ಮ ಅಂತಿದ್ದು ಅಲೆದಾಡಿದವರು ನನ್ನ ಅಂಗಡಿಗೆ ದಿನಾ ಬರುತ್ತಾರೆ.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ಫಾರ್ಮಿಗೆ ಸಹಿ ಸೀಲು ಬೇಕು.

ಔಷಧಿಗೆ ಕಂಪನಿಯ ಹೆಸರು ಬರೆದಿದ್ದರೆ, "ಇದೇ ಔಷಧ ಬೇರೆ ಕಂಪನಿಯದ್ದು ಕಡಿಮೆಗೆ ಸಿಗುತ್ತದಾ, ಅದನ್ನು ತಗೊಂಡರೆ ನಡೆಯುತ್ತದಾ?" ಅಂತ ಬರೆದ ಡಾಕ್ಟರನ್ನೇ ಕೇಳಿ. 2019ರಲ್ಲಿ ಸರ್ಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಕ್ಕೆ ಶೇ 30ರ ಮಿತಿ ಹಾಕಿತು. ಆದರೂ ದರದಲ್ಲಿ ಒಂದಕ್ಕೊಂದು ವ್ಯತ್ಯಾಸ ಇದ್ದೇ ಇದೆ.

ಹೊಲ ಮಾರುವ ಮಾತು ಬಂದಾಗ ಎರಡನೇ ಪ್ರಶ್ನೆಗೆ ಹೋಗಿ: ಈ ಚಿಕಿತ್ಸೆ ಯಾತಕ್ಕಾಗಿ?

ಗುಣವಾಗುವುದಿಲ್ಲ ಅಂದಾಗ

ಕಾಯಿಲೆ ಮರಳಿ ಬಂದಿದ್ದರೆ, ಬಹಳ ಮುಂದೆ ಹೋಗಿದ್ದರೆ ಆಗಲೂ ತೀರ್ಮಾನಗಳಿವೆ. "ಈ ಇಂಜೆಕ್ಷನ್ನಿನಿಂದ ಎಷ್ಟು ಸಮಯ ಜಾಸ್ತಿ ಸಿಗಬಹುದು, ಅದರಲ್ಲಿ ಎಷ್ಟು ದಿನ ಆಸ್ಪತ್ರೆಯಲ್ಲೇ ಕಳೆಯುತ್ತದೆ?" ಅಂತ ಕೇಳುವುದು ತಪ್ಪಲ್ಲ. ಸರಾಸರಿ ಎಂಟು ತಿಂಗಳು ಅಂದರೆ ಸಾಮಾನ್ಯವಾಗಿ ಅವರ ಅರ್ಥ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಜಾಸ್ತಿ ಬದುಕುತ್ತಾರೆ ಅಂತ. ನಿಮ್ಮವರ ಕೊನೆಯ ತಾರೀಕು ಅಲ್ಲ ಅದು.

ದುಬಾರಿಯದ್ದೇ ಬೇಕು ಅಂತಲೂ ಇಲ್ಲ. ಟಾಟಾದವರು 2022ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆಯ ಕ್ಯಾನ್ಸರಿನವರಿಗೆ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಅನ್ನುವ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ) ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ಅದು ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮಾತ್ರೆ ಮಾತ್ರ ತಗೊಂಡವರಲ್ಲಿ ಒಂದು ವರ್ಷಕ್ಕೆ ನೂರಕ್ಕೆ 16 ಜನ ಬದುಕಿದ್ದರೆ, ಇದನ್ನೂ ಸೇರಿಸಿದವರಲ್ಲಿ 43. ನಿಮ್ಮವರಿಗೆ ಹೊಂದುತ್ತದೋ ಇಲ್ಲವೋ ಡಾಕ್ಟರ್ ಹೇಳಬೇಕು. ಆದರೆ ಕೇಳಲು ಗೊತ್ತಿರಲಿ.

ನೋವಿಗೆ ಮಾರ್ಫಿನ್ ಬರೆದರೆ "ಚಟ ಹತ್ತತೈತಿ" ಅಂತ ಬಿಡಿಸಬೇಡಿ. ಡಾಕ್ಟರ್ ಹೇಳಿದ ಹಾಗೆ ಕ್ಯಾನ್ಸರಿನ ನೋವಿಗೆ ತಗೊಂಡರೆ ಹಾಗೆ ಚಟ ಹತ್ತುವುದು ಬಲು ಅಪರೂಪ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಅದಕ್ಕೂ ಔಷಧ ಬರೆಸಿಕೊಳ್ಳಿ. ನೋವು ಕಡಿಮೆ ಮಾಡುವ ಡಾಕ್ಟರನ್ನು ಕೊನೆಯ ವಾರಕ್ಕೆ ಕಾಯದೆ ಮೊದಲೇ ನೋಡಬೇಕು.

ಶಿವಮೊಗ್ಗದ ಚಕ್ಕೆ, ಲಕ್ಷ್ಮಣ ಫಲ, ಇತ್ಯಾದಿ

ಎಲ್ಲರ ಮನೆಯಲ್ಲೂ ಒಬ್ಬ ಕಾಕಾ ಇರುತ್ತಾರೆ. ಶಿವಮೊಗ್ಗ ಕಡೆಯಿಂದ ಮರದ ಚಕ್ಕೆ ತರಿಸುತ್ತಾರೆ, ವಾಟ್ಸಾಪಿನಲ್ಲಿ ಲಕ್ಷ್ಮಣ ಫಲದ ವಿಡಿಯೋ ಕಳಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಜಗಳ ಬೇಡ. ಲಕ್ಷ್ಮಣ ಫಲ ಮನುಷ್ಯರಲ್ಲಿ ಕ್ಯಾನ್ಸರ್ ಗುಣ ಮಾಡಿದ್ದಕ್ಕೆ ಆಧಾರ ಇಲ್ಲ. ಕಷಾಯ ಕುಡಿಯುತ್ತಿದ್ದರೆ ಕೀಮೋ ಡಾಕ್ಟರಿಗೆ ಹೇಳಿ, ಕೆಲವು ಲಿವರಿಗೆ ಹೊಡೆತ ಕೊಡುತ್ತವೆ. ಮೂರು ತಿಂಗಳು ಇದನ್ನು ಮುಗಿಸಿ ಆಮೇಲೆ ಆಸ್ಪತ್ರೆ ಅನ್ನುವುದು ಮಾತ್ರ ಬೇಡವೇ ಬೇಡ. ಗುಣವಾಗುವ ಗಡ್ಡೆ ಕೈ ಮೀರಿ ಹೋಗುವುದು ಆ ಮೂರು ತಿಂಗಳಲ್ಲೇ.

ಕೀಮೋ ನಡೆಯುವಾಗ ಜ್ವರ 100.4 ದಾಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಬಿಳಿ ರಕ್ತಕಣ ಇಳಿದಿರಬಹುದು, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಮೊದಲ ಡೋಸಿನ ದಿನವೇ "ರಾತ್ರಿ ಯಾರಿಗೆ ಫೋನ್ ಮಾಡಬೇಕು" ಅಂತ ನಂಬರ್ ಬರೆಸಿಕೊಳ್ಳಿ. ಒಂದು ಥರ್ಮಾಮೀಟರ್ ತಂದಿಡಿ.

ಮುಗಿದ ಮೇಲೆ

ಬಾಯಿ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಅದಕ್ಕೇ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಬರಲು ಹೇಳುತ್ತಾರೆ. ಚೆನ್ನಾಗಿದ್ದೇನೆ ಅಂತ ತಪ್ಪಿಸಬೇಡಿ. ಕುತ್ತಿಗೆಗೆ ಕರೆಂಟ್ ಆಗಿದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಾಗ ಆಗಬೇಕು, ಸುಸ್ತು ಅಂತ ಸುಮ್ನೆ ಇರಬಾರದು.

ಮತ್ತೆ ತಂಬಾಕು. ಗುಟ್ಕಾ, ಎಲೆ ಅಡಿಕೆ ತಂಬಾಕು ಮುಂದುವರಿಸಿದರೆ ಅದೇ ಬಾಯಲ್ಲಿ ಇನ್ನೊಂದು ಹೊಸ ಕ್ಯಾನ್ಸರ್ ಬರಬಹುದು. ರೋಗಿ ಒಬ್ಬರೇ ಬಿಟ್ಟರೆ ಕಷ್ಟ, ಮನೆಯಲ್ಲಿ ಚೀಲ ಬಿಚ್ಚುವವರು ಎಲ್ಲರೂ ಬಿಡಬೇಕು. ತಂಬಾಕು ಬಿಡಲು ಸರ್ಕಾರದ ಸಹಾಯವಾಣಿ ಇದೆ, 1800-11-2356. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಅಕ್ಕ ಬಿಟ್ಟಿದ್ದಾಳೆ. ಮಾಮಾನಿಗೆ ನಂಬರನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಇದನ್ನು ಮಾತ್ರ ಲ್ಯಾಮಿನೇಷನ್ ಮಾಡಿಯೇ ಕೊಟ್ಟಿದ್ದೇನೆ. ಕೇಳಿದಾಗಲೆಲ್ಲ "ಮಾಡೂಣು ತಗೋ" ಅನ್ನುತ್ತಾರೆ.